ಮರಿ ಆಸ್ಕರ್‌ಗಳು ಊಟ ಬಿಟ್ಟ 17 ದಿನ: ಒಂದು ಪ್ರಕರಣ

ಡಿಸೆಂಬರ್ 6ರ ಬೆಳಿಗ್ಗೆ ಗುಂಡ ಊಟ ಬಿಟ್ಟ.

ಗುಂಡ ನಮ್ಮ ಮನೆಯ ಟ್ಯಾಂಕಿನ ಐದು ಆಸ್ಕರ್ ಮೀನಿನ ಮರಿಗಳಲ್ಲಿ ಎಲ್ಲಕ್ಕಿಂತ ದೊಡ್ಡವನು. ಟ್ಯಾಂಕ್ ಮುಂದೆ ಯಾರು ಹಾದುಹೋದರೂ ಗಾಜಿಗೆ ಮೂತಿ ಒತ್ತಿ, ಇಡೀ ಮೈ ಬಳುಕಿಸಿ, ಬಾಯಿ ತೆಗೆದು ಮುಚ್ಚಿ ‘ಹಾಕು ಹಾಕು’ ಅನ್ನುವವನು. ಪೆಲೆಟ್ (ಮೀನಿನ ಊಟದ ಗುಳಿಗೆ) ಹಾಕುವ ಬೆರಳನ್ನೇ ಎರಡು ಸಲ ಕಚ್ಚಿದ್ದಾನೆ. ಅಂಥವನು ಆವತ್ತು ಫಿಲ್ಟರ್ ಪೈಪಿನ ಹಿಂದೆ ಸುಮ್ನೆ ನಿಂತಿದ್ದ. ಪೆಲೆಟ್ ಅವನ ಮೂತಿಯ ಮುಂದೆಯೇ ತೇಲಿಕೊಂಡು ಹೋಯಿತು. ಕಣ್ಣು ಹೊರಳಿಸಿ ನೋಡಿದ, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಮೀನೂ ಅವನ ಪಕ್ಕ ಹೋಗಿ ನಿಂತವು.

ಮುಂದಿನ ಹದಿನೇಳು ದಿನ ಏನೇನಾಯ್ತು, ನಾನು ಎಲ್ಲೆಲ್ಲಿ ತಪ್ಪಿದೆ ಅಂತ ಇಲ್ಲಿ ಬರೆದಿದ್ದೇನೆ. ದಿನಾಂಕ, ಅಳತೆ ಎಲ್ಲ ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದೇ. ಒಂದು ಮೀನು ಸತ್ತಿತು. ಅದು ನನ್ನ ಕೈಯಿಂದ ಆದದ್ದು.

ಮೊದಲು ಮನೆಯ ವಿವರ. ನಾವಿರೋದು ಮೈಸೂರಲ್ಲಿ. ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 220 ಲೀಟರ್ ನೀರು. ನೀರು ಸೋಸೋಕೆ ಟ್ಯಾಂಕಿನ ಹೊರಗಿಡುವ ಡಬ್ಬಿಯಂಥ ಒಂದು ಕ್ಯಾನಿಸ್ಟರ್ ಫಿಲ್ಟರ್. ಆಗಸ್ಟ್ ಕೊನೆಯಲ್ಲಿ ಎರಡಿಂಚಿನ ಆರು ಮರಿ ತಂದೆ. ಮೊದಲ ವಾರವೇ ಒಂದು ಹೋಯಿತು. ಉಳಿದದ್ದು ಐದು. ಆಸ್ಕರ್ ಬೆಳೆದರೆ ಒಂದಡಿ ಆಗುತ್ತದೆ, ಐದಕ್ಕೆ ಈ ಟ್ಯಾಂಕ್ ಸಾಲದು ಅಂತ ನನಗೆ ಗೊತ್ತಿತ್ತು. ‘ಈಗ ಮರಿಗಳು ತಾನೇ, ಆಮೇಲೆ ನೋಡೋಣ’ ಅಂದುಕೊಂಡಿದ್ದೆ. ಮೀನು ಸಾಕುವವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ.

ಆಸ್ಕರ್ ಅಮೆಜಾನ್ ನದಿಯ ಕಡೆಯ ಮೀನು. 1831ರಲ್ಲಿ ಲೂಯಿ ಅಗಾಸಿ ಇದನ್ನು ವರ್ಣಿಸಿದಾಗ ಬಾಲದ ಬುಡದಲ್ಲಿರೋ ಕಣ್ಣಿನಂಥ ಚುಕ್ಕೆ ನೋಡಿ ‘ಓಸೆಲೇಟಸ್’ ಅಂದ. ಸಿಕ್ಲಿಡ್ ಕುಟುಂಬದ್ದು. ಆ ಹೆಸರು ಕೇಳಿ ಏನೋ ವಿದೇಶಿ ಅನ್ನಿಸಬಹುದು, ಆದರೆ ನಮ್ಮ ಕೆರೆಗಳಲ್ಲಿ ಸಿಗೋ ಜಿಲೇಬಿ ಮೀನೂ ಸಿಕ್ಲಿಡ್ಡೇ. ಅದು ಆಫ್ರಿಕಾದಿಂದ ಬಂದದ್ದು. ದಕ್ಷಿಣ ಕನ್ನಡದ ಹೊಳೆಗಳಲ್ಲಿ ನಮ್ಮದೇ ಆದ ಒಂದು ಸಿಕ್ಲಿಡ್ ಇದೆ, ಎಟ್ರೋಪ್ಲಸ್ ಕೆನರೆನ್ಸಿಸ್ ಅಂತ, ಹೆಸರಲ್ಲೇ ಕೆನರಾ ಇದೆ. ಇರಲಿ, ವಿಷಯ ಎಲ್ಲೋ ಹೋಯಿತು.

ಕಾಡಲ್ಲಿ ಆಸ್ಕರ್ ತಿನ್ನೋದು ಹುಳು, ಸಿಗಡಿ, ಬಸವನಹುಳು, ಸಣ್ಣ ಮೀನು, ಆಗಾಗ ನೀರಿಗೆ ಬಿದ್ದ ಹಣ್ಣು. ಅಲ್ಲಿ ಊಟ ಹೊತ್ತಿಗೆ ಸರಿಯಾಗಿ ಬರೋದಿಲ್ಲ. ಸಿಕ್ಕಾಗ ತಿಂದುಬಿಡಬೇಕು. ಹಾಗಾಗಿ ಹೊಟ್ಟೆ ತುಂಬಿದ ಮೇಲೂ ಎದುರಿಗೆ ಬಂದದ್ದನ್ನು ಬಿಡೋದು ಇದರ ಜಾಯಮಾನ ಅಲ್ಲ. ನಮ್ಮ ಮನೆಯಲ್ಲೋ, ಎದುರಿಗೆ ಬರೋದು ದಿನಕ್ಕೆ ಮೂರು ಜನ.

ಇದು ನನಗೆ ತಿಳಿದದ್ದು ಬಹಳ ತಡವಾಗಿ. ಮೊದಲು ನಾನು ಊಹಿಸಿದ್ದೇ ಬೇರೆ.

ಬೇಜಾರಾಗಿರಬೇಕು ಅಂದುಕೊಂಡೆ. ಮೂರು ತಿಂಗಳಿಂದ ಅದೇ ಪೆಲೆಟ್, ಮನುಷ್ಯರಿಗಾದರೂ ಸಾಕೆನಿಸೋದಿಲ್ವಾ? ಅಂಗಡಿಯಿಂದ ಟ್ಯೂಬಿಫೆಕ್ಸ್ ಹುಳ ತಂದೆ. ಕೆಂಪು ದಾರದ ಉಂಡೆ ಥರ ಇರುತ್ತಲ್ಲ, ಅದು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಅಮ್ಮ ಡಬ್ಬಿ ತೆರೆದು ನೋಡಿ, ‘ಇದನ್ನ ಫ್ರಿಜ್ಜಲ್ಲಿ ಇಟ್ಟರೆ ನಾನು ನಾಳೆಯಿಂದ ಅಡುಗೆ ಮಾಡಲ್ಲ’ ಅಂದರು. ಬಾಲ್ಕನಿಯಲ್ಲಿಟ್ಟೆ. ಮೀನುಗಳು ಮೊದಲ ದಿನ ನಾಲ್ಕು ಎಳೆ ತಿಂದವು, ಮರುದಿನ ಅದನ್ನೂ ಬಿಟ್ಟವು. ಉಳಿದ ಹುಳ ಕಲ್ಲಿನೊಳಗೆ ಸೇರಿ ಅಲ್ಲೇ ಸತ್ತವು. ಟ್ಯೂಬಿಫೆಕ್ಸ್ ಬೆಳೆಯೋದು ಕೊಳಚೆ ನೀರಲ್ಲಿ. ಕೊಳೆ ಸಾಲದು ಅಂತ ನಾನು ಇನ್ನಷ್ಟು ಕೊಳೆ ತಂದು ಹಾಕಿದ ಹಾಗಾಯ್ತು.

ಆಮೇಲೆ ಚಳಿ ಅಂದುಕೊಂಡೆ. ಇದರಲ್ಲಿ ಸ್ವಲ್ಪ ನಿಜವೂ ಇತ್ತು. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಾದರೆ ಜೀರ್ಣವೂ ನಿಧಾನ, ಹಸಿವೂ ಕಡಿಮೆ. ಥರ್ಮಾಮೀಟರ್ ಬೆಳಿಗ್ಗೆ 22 ಡಿಗ್ರಿ ತೋರಿಸುತ್ತಿತ್ತು. ಆಸ್ಕರ್‌ಗೆ 26ರ ಮೇಲೆ ಇದ್ದರೆ ಹಿತ. ಹೀಟರ್ ತಂದು ಎರಡು ದಿನದಲ್ಲಿ ನಿಧಾನವಾಗಿ 27ಕ್ಕೆ ಏರಿಸಿದೆ. ಗುಂಡ ಪೈಪಿನ ಹಿಂದಿನಿಂದ ಹೀಟರ್ ಹಿಂದಕ್ಕೆ ಜಾಗ ಬದಲಿಸಿದ. ಬಾಯಿ ಮಾತ್ರ ತೆರೆಯಲಿಲ್ಲ.

ಡಿಸೆಂಬರ್ 11ರಂದು ಗುಂಡನ ಹಿಂದೆ ಬಿಳಿ ದಾರದಂಥ ಹಿಕ್ಕೆ ಜೋತಾಡೋದು ಕಂಡಿತು. ಕರುಳಲ್ಲಿ ಪರೋಪಜೀವಿ ಸೇರಿದೆ ಅಂತ ತೀರ್ಮಾನಿಸಿಬಿಟ್ಟೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಪೆಲೆಟ್‌ಗೆ ಬೆರೆಸಿದೆ. ಊಟ ಬಿಟ್ಟ ಮೀನಿಗೆ ಊಟದಲ್ಲಿ ಔಷಧ! ಅದೂ ನೀರಲ್ಲಿ ಕರಗಿತು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದಾಗಲೂ ಕರುಳಿನ ಲೋಳೆ ಮಾತ್ರ ಹೀಗೆ ಬಿಳಿಯಾಗಿ ಬರುತ್ತದೆ. ಐದು ದಿನದಿಂದ ತಿನ್ನದ ಮೀನಿನಲ್ಲಿ ಬೇರೇನು ಬಂದೀತು?

ಈ ನಡುವೆ ಪುಟ್ಟನ ವಿಷಯ ಬೇರೆಯೇ ಇತ್ತು. ಪುಟ್ಟ ಎಲ್ಲಕ್ಕಿಂತ ಚಿಕ್ಕವನು. ಗುಂಡ ಊಟ ಬಿಡೋದಕ್ಕಿಂತ ಎರಡು ವಾರ ಮೊದಲಿಂದಲೇ ಅವನು ಸರಿಯಾಗಿ ತಿನ್ನುತ್ತಿರಲಿಲ್ಲ. ‘ಅವನದ್ದು ಸಣ್ಣ ಹೊಟ್ಟೆ’ ಅಂತ ಅಮ್ಮ ಹೇಳಿದ್ದರು, ನಾನೂ ನಂಬಿದ್ದೆ. ನವೆಂಬರ್ ಕೊನೆಯಲ್ಲಿ ಅಕ್ಕನ ಮಗ ಊಟದ ಹೊತ್ತಲ್ಲಿ ಫೋನಲ್ಲಿ ತೆಗೆದ ವಿಡಿಯೊ ಒಂದಿತ್ತು. ಅದನ್ನು ನಿಧಾನ ಮಾಡಿ ನೋಡಿದೆ. 20 ಪೆಲೆಟ್ ಬಿದ್ದಿದ್ದವು. ಗುಂಡ 9, ಇನ್ನೊಂದು ಮರಿ ಕೆಂಚ 5, ಹೆಸರಿಡದ ಮತ್ತಿಬ್ಬರು ಸೇರಿ 5. ಪುಟ್ಟನಿಗೆ ಒಂದು. ಆ ಒಂದು ಕೂಡ ಕೆಂಚ ಉಗಿದದ್ದು. ಪುಟ್ಟ ಮುಂದೆ ಬಂದಾಗಲೆಲ್ಲ ಗುಂಡ ತಿನ್ನೋದು ಬಿಟ್ಟು ಅವನ ಪಕ್ಕೆಗೆ ಗುದ್ದುತ್ತಿದ್ದ. ಸಿಕ್ಲಿಡ್ ಮರಿಗಳಲ್ಲಿ ಇದು ಸಾಮಾನ್ಯ. ಯಾರು ಮೊದಲು ತಿನ್ನಬೇಕು ಅನ್ನೋದು ಮರಿಗಳಾಗಿದ್ದಾಗಲೇ ತೀರ್ಮಾನವಾಗಿರುತ್ತದೆ. ದೊಡ್ಡವನು ಜಾಸ್ತಿ ತಿಂದು ಇನ್ನೂ ದೊಡ್ಡವನಾಗುತ್ತಾನೆ. ಒಂದೇ ತಾಯಿಯ ಮರಿಗಳು ಮೂರೇ ತಿಂಗಳಲ್ಲಿ ಅಣ್ಣ ತಮ್ಮನ ಥರ ಕಾಣೋದು ಹೀಗೆ.

ಅಂದರೆ ಒಂದೇ ಟ್ಯಾಂಕಲ್ಲಿ ಎರಡು ಪ್ರಕರಣ. ಪುಟ್ಟನಿಗೆ ಹಸಿವಿತ್ತು, ಊಟ ಇರಲಿಲ್ಲ. ಗುಂಡನಿಗೆ ಊಟ ಇತ್ತು, ಹಸಿವಿರಲಿಲ್ಲ. ಎರಡನ್ನೂ ಒಂದೇ ಕಾಯಿಲೆ ಅಂತ ನೋಡುತ್ತಾ ಕೂತಿದ್ದೆ.

ಆ ವಿಡಿಯೊದಲ್ಲಿ ಇನ್ನೊಂದು ಕಂಡಿತು. ಆಸ್ಕರ್ ಪೆಲೆಟ್ ಕಚ್ಚೋದಿಲ್ಲ, ಎಳೆದುಕೊಳ್ಳುತ್ತದೆ. ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚಿ ಹಠಾತ್ತನೆ ತೆರೆದಾಗ ನೀರು ಒಳಗೆ ನುಗ್ಗುತ್ತದೆ, ಅದರ ಜೊತೆ ಪೆಲೆಟ್. ಅಗಿಯೋದು ಬಾಯಲ್ಲಲ್ಲ, ಗಂಟಲಲ್ಲಿ. ಸಿಕ್ಲಿಡ್‌ಗಳಿಗೆ ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇದೆ, ಹಲ್ಲು ಸಮೇತ. ಅಲ್ಲಿ ಅರೆಯುತ್ತಾ ಅರೆಯುತ್ತಾ ಪೆಲೆಟ್ ಉಗಿಯುತ್ತವೆ, ಮತ್ತೆ ಎಳೆದುಕೊಳ್ಳುತ್ತವೆ, ಮತ್ತೆ ಅರೆಯುತ್ತವೆ. ಪ್ರತಿ ಸಲ ಅರೆದಾಗಲೂ ಕಿವಿರಿನ ಸಂದಿಯಿಂದ ಕಂದು ಪುಡಿ ಹೊಗೆಯ ಥರ ಹೊರಗೆ ಬರುತ್ತದೆ. ಬೀಡಿ ಸೇದಿ ಹೊಗೆ ಬಿಟ್ಟಂತೆ. ಹಸಿದ ಮೀನಾದರೆ ಒಂದೆರಡು ಸಲ ಅರೆದು ನುಂಗಿಬಿಡುತ್ತದೆ. ವಿಡಿಯೊದಲ್ಲಿ ಗುಂಡ ಒಂದು ಪೆಲೆಟ್ಟನ್ನು ಆರು ಸಲ ಉಗಿದ. ಊಟ ಬಿಡೋಕೆ ವಾರ ಮೊದಲೇ ಅವನ ಹೊಟ್ಟೆ ತುಂಬಿ ತುಳುಕುತ್ತಿತ್ತು. ಬಾಯಿ ಬೇಡುತ್ತಿತ್ತು, ಗಂಟಲು ಬೇಡ ಅನ್ನುತ್ತಿತ್ತು. ನಾವು ಬಾಯಿಯನ್ನಷ್ಟೇ ನೋಡಿದೆವು.

ಹಾಗಾದರೆ ಎಷ್ಟು ತಿನ್ನುತ್ತಿದ್ದವು? ಪೆಲೆಟ್ ಡಬ್ಬಿ 100 ಗ್ರಾಮಿನದು. ಬಿಲ್ಲುಗಳನ್ನು ಹುಡುಕಿ ನೋಡಿದರೆ ನವೆಂಬರಲ್ಲಿ 11 ದಿನಕ್ಕೊಂದು ಡಬ್ಬಿ ಖಾಲಿ. ದಿನಕ್ಕೆ 9 ಗ್ರಾಂ. ನಾನು ರಾತ್ರಿ ಒಂದು ಸಲ, ಮೂರು ಗ್ರಾಮಿನಷ್ಟು ಹಾಕುತ್ತಿದ್ದೆ. ಉಳಿದದ್ದು?

ಅಮ್ಮನನ್ನು ಕೇಳಿದೆ. ‘ಬೆಳಿಗ್ಗೆ ಒಂದು ಚಿಟಿಕೆ ಹಾಕ್ತೀನಿ ಕಣೋ. ಹಾಲು ಕಾಯಿಸೋಕೆ ಬಂದಾಗ ಹೇಗೆ ನೋಡ್ತವೆ ಗೊತ್ತಾ? ಎದುರಿಗೆ ಬಂದು ಬಾಯಿ ಬಿಟ್ರೆ ಹೇಗೆ ಹಾಗೇ ಹೋಗೋದು?’ ಅಂದರು. ಅಕ್ಕನ ಮಗ ಸ್ಕೂಲಿಂದ ಬಂದು ನಮ್ಮ ಮನೆಯಲ್ಲೇ ಇರುತ್ತಾನೆ. ‘ನಾನು ಸ್ವಲ್ಪಾನೇ ಹಾಕೋದು ಮಾಮ, ಎಲ್ಲಾ ತಿಂದುಬಿಡ್ತವೆ’ ಅಂದ. ಅವನ ಸ್ವಲ್ಪ ಅಂದರೆ ಡಬ್ಬಿಯ ಮುಚ್ಚಳ ತುಂಬ. ಮೀನುಗಳು ಮೂವರನ್ನೂ ಬೇರೆ ಬೇರೆ ಕಲಿತುಕೊಂಡಿದ್ದವು. ಹಾಲಿನ ಪಾತ್ರೆ ಸದ್ದಿಗೆ ಒಂದು ಕುಣಿತ, ಸ್ಕೂಲ್ ಬ್ಯಾಗಿಗೆ ಒಂದು, ನನ್ನ ಬೈಕ್ ಕೀಗೆ ಒಂದು.

ಡಿಸೆಂಬರ್ 13ರ ರಾತ್ರಿ ಕ್ಯಾನಿಸ್ಟರ್ ಫಿಲ್ಟರ್ ಬಿಚ್ಚಿದೆ. ಸ್ಪಂಜಿನ ಮೇಲೆ ಒಂದಿಂಚು ದಪ್ಪಕ್ಕೆ ಕಂದು ರಾಡಿ. ಅದರ ನಡುವೆ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ತೊಳೆದು ನೋಡಿದರೆ ಹಿದಕಿದ ಅವರೆಬೇಳೆ. ಒಂದಲ್ಲ, ಹನ್ನೊಂದು. ಸೊಗಡಿನ ಅವರೆ ಬಂದ ಮೇಲೆ ಮನೆಯಲ್ಲಿ ದಿನಾ ಅದೇ ತಾನೇ? ‘ಬೇಯಿಸಿದ್ದೇ ಹಾಕಿದ್ದು, ಉಪ್ಪು ಹಾಕೋಕೆ ಮುಂಚೆ’ ಅಂತ ಅಮ್ಮ. ಮೀನುಗಳು ಎಳೆದುಕೊಂಡು, ಉಗಿದು, ಬಿಟ್ಟಿದ್ದವು. ಅದು ಫಿಲ್ಟರಿಗೆ ಹೋಗಿ ಅಲ್ಲೇ ಕೊಳೆಯುತ್ತಿತ್ತು.

ಮರುದಿನ ಕೊನೆಗೂ ನೀರು ಪರೀಕ್ಷೆ ಮಾಡುವ ಕಿಟ್ ತಂದೆ. ಮೂರು ತಿಂಗಳಲ್ಲಿ ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಯಾಕೆಂದರೆ ನೀರು ಕನ್ನಡಿ ಥರ ತಿಳಿಯಾಗಿತ್ತು. ಕೊಳೆಯಿಂದ ಹುಟ್ಟಿ ಮೀನಿಗೆ ವಿಷವಾಗುವ ಅಮೋನಿಯಾಕ್ಕೆ ಬಣ್ಣ ಇಲ್ಲ ಅನ್ನೋದು ಶಾಲೆಯಲ್ಲೇ ಓದಿದ್ದೆ.

ಅಮೋನಿಯಾ 4 ಪಿಪಿಎಂ, ಅಂದರೆ ಲೀಟರಿಗೆ 4 ಮಿಲಿಗ್ರಾಂ. ಸೊನ್ನೆ ಇರಬೇಕಿತ್ತು. ನೈಟ್ರೇಟ್ ಪಟ್ಟಿಯ ಕಡುಗೆಂಪು, 160ರ ಹತ್ತಿರ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಆದರೆ ಆಮ್ಲ) 6, ಕಿಟ್‌ನ ಕಾರ್ಡಲ್ಲಿ ಅದಕ್ಕಿಂತ ಕೆಳಗಿನ ಬಣ್ಣವೇ ಇರಲಿಲ್ಲ.

ಲೆಕ್ಕ ಮಾಡಿದರೆ ಆಶ್ಚರ್ಯ ಏನೂ ಇಲ್ಲ. ಪೆಲೆಟ್‌ನಲ್ಲಿ ನೂರಕ್ಕೆ 40 ಪ್ರೊಟೀನ್. ಪ್ರೊಟೀನಿನಲ್ಲಿ ನೂರಕ್ಕೆ 16 ನೈಟ್ರೋಜನ್. 9 ಗ್ರಾಂ ಹಾಕಿದರೆ ಅರ್ಧ ಗ್ರಾಮಿಗೂ ಜಾಸ್ತಿ ನೈಟ್ರೋಜನ್ ನೀರಿಗೆ ಹೋದ ಹಾಗೆ. ಮೀನು ಅದರಲ್ಲಿ ಒಂದು ಪಾಲನ್ನು ಮೈಗೆ ಕಟ್ಟಿಕೊಳ್ಳುತ್ತದೆ, ಅರ್ಧಕ್ಕಿಂತ ಹೆಚ್ಚನ್ನು ಕಿವಿರಿನಿಂದ ಅಮೋನಿಯಾ ಮಾಡಿ ಬಿಡುತ್ತದೆ. 220 ಲೀಟರಿಗೆ ಹಂಚಿದರೆ ದಿನಕ್ಕೆ ಲೀಟರಿಗೆ ಒಂದೂವರೆ ಮಿಲಿಗ್ರಾಮಿನಷ್ಟು. ಫಿಲ್ಟರಿನ ಬ್ಯಾಕ್ಟೀರಿಯಾ ಇದನ್ನು ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ವಾರಕ್ಕೆ 50 ಪಿಪಿಎಂನಂತೆ ಏರುತ್ತದೆ. ನಾನು ಬದಲಿಸುತ್ತಿದ್ದದ್ದು ಹದಿನೈದು ದಿನಕ್ಕೆ ನಾಲ್ಕು ಬಕೆಟ್.

ಆದರೆ ಬ್ಯಾಕ್ಟೀರಿಯಾ ಇದ್ದೂ ಅಮೋನಿಯಾ ಯಾಕೆ ಉಳಿಯಿತು? ಇಲ್ಲಿ ನನ್ನ ಅತಿ ಬುದ್ಧಿವಂತಿಕೆ ಇದೆ. ಆಸ್ಕರ್ ಅಮೆಜಾನಿನ ಮೀನು, ಅದಕ್ಕೆ ಮೆದು ನೀರು ಬೇಕು ಅಂತ ಎಲ್ಲೋ ಓದಿ, ಸೆಪ್ಟೆಂಬರಿಂದ ತಾರಸಿಯ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಹಾಕುತ್ತಿದ್ದೆ. ಮಳೆನೀರಿನಲ್ಲಿ ಕ್ಷಾರ ಇಲ್ಲವೇ ಇಲ್ಲ ಅನ್ನಬಹುದು. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಒಂದು ಗ್ರಾಂ ನೈಟ್ರೋಜನ್‌ಗೆ ಏಳು ಗ್ರಾಮಿಗೂ ಜಾಸ್ತಿ ಸುಣ್ಣದಕಲ್ಲಿನಷ್ಟು ಕ್ಷಾರ ಖರ್ಚಾಗುತ್ತದೆ. ನಲ್ಲಿಯ ಕಾವೇರಿ ನೀರು ಹಾಕಿದ್ದರೆ ಅದರಲ್ಲಿನ ಕ್ಷಾರ ತಡೆದುಕೊಳ್ಳುತ್ತಿತ್ತು. ಮಳೆನೀರಿನಲ್ಲಿ ತಡೆಯೋಕೆ ಏನಿದೆ? ಪಿಎಚ್ ದಿನಾ ಕುಸಿಯಿತು. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾಗಳೂ ಕೈಕಟ್ಟಿ ಕೂತವು. ಅಲ್ಲಿಂದ ಅಮೋನಿಯಾ ಶೇಖರಣೆ ಶುರು. ಅದೇ ಹೊತ್ತಿಗೆ ಮೀನು ಊಟ ಬಿಟ್ಟಿತು.

ಈಗ ನಾನು ಮಾಡಿದ ದೊಡ್ಡ ತಪ್ಪು. ಅಮೋನಿಯಾ 4 ಅಂತ ನೋಡಿದ ತಕ್ಷಣ ಗಾಬರಿಯಾಗಿ ಅರ್ಧ ನೀರು ತೆಗೆದೆ. ಆವತ್ತು ಕಾವೇರಿ ಬಂದಿರಲಿಲ್ಲ. ಬೋರ್‌ವೆಲ್ ನೀರು ತುಂಬಿದೆ. ಒಳ್ಳೇ ಕೆಲಸ ಮಾಡಿದೆ ಅಂತ ಕೈ ಒರೆಸಿಕೊಂಡೆ.

ಇಪ್ಪತ್ತು ನಿಮಿಷಕ್ಕೆ ಅಕ್ಕನ ಮಗ ಕೂಗಿದ, ‘ಮಾಮ, ಗುಂಡ ಮಲಗಿಬಿಟ್ಟಿದಾನೆ!’ ಆಸ್ಕರ್ ಮುನಿಸಿಕೊಂಡರೂ ಕಲ್ಲಿನ ಮೇಲೆ ವಾರೆಯಾಗಿ ಮಲಗುತ್ತದೆ, ನಾಟಕ ಮಾಡೋ ಮೀನು ಅದು. ಇದು ನಾಟಕ ಆಗಿರಲಿಲ್ಲ. ಮಿಕ್ಕ ನಾಲ್ಕೂ ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದವು. ಕಿವಿರು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಕೆಂಚ ಗಾಜಿಗೆ ಡಿಕ್ಕಿ ಹೊಡೆದು ತಿರುಗಿ ಬಿದ್ದ.

ಅಮೋನಿಯಾಕ್ಕೆ ಎರಡು ವೇಷ. ಆಮ್ಲದ ನೀರಲ್ಲಿ ಬಹುಪಾಲು ಅಮೋನಿಯಂ ಆಗಿ ಇರುತ್ತದೆ, ಅದು ಅಷ್ಟೇನೂ ಕೊಲ್ಲೋದಿಲ್ಲ. ಪಿಎಚ್ ಏರಿದಂತೆ ಅದೇ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ಪಿಎಚ್ ಒಂದು ಅಂಕಿ ಏರಿದರೆ ವಿಷ ಹೆಚ್ಚುಕಡಿಮೆ ಹತ್ತು ಪಟ್ಟು. ಬೆಳಿಗ್ಗೆ ಪಿಎಚ್ 6ರಲ್ಲಿ 4 ಪಿಪಿಎಂ ಇದ್ದಾಗ ಅದರಲ್ಲಿ ನಿಜವಾದ ವಿಷ 0.003ಕ್ಕಿಂತ ಕಡಿಮೆ. ನಾನು ಅರ್ಧ ನೀರು ಬದಲಿಸಿದ ಮೇಲೆ ಒಟ್ಟು 2 ಪಿಪಿಎಂಗೆ ಇಳಿಯಿತು ನಿಜ, ಆದರೆ ಪಿಎಚ್ 7.8 ಆಗಿತ್ತು. ವಿಷ 0.08. ಮೀನು ಸಾಕುವವರು 0.02 ದಾಟಬಾರದು ಅಂತಾರೆ. ಅಮೋನಿಯಾ ಅರ್ಧ ಮಾಡಿ ವಿಷ ಮೂವತ್ತು ಪಟ್ಟು ಮಾಡಿದೆ.

ಅಮೋನಿಯಾ ಕಟ್ಟಿಹಾಕುವ ಕಂಡೀಷನರ್ ಅಂಗಡಿಯಲ್ಲಿತ್ತು. ಬೈಕಲ್ಲಿ ಹೋಗಿ ತಂದು ಹಾಕೋಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಏರ್ ಪಂಪ್ ಹಚ್ಚಿದೆ. ರಾತ್ರಿ ಹೊತ್ತಿಗೆ ನಾಲ್ಕು ಮೀನು ನೆಟ್ಟಗೆ ನಿಂತವು. ಕೆಂಚ ನಿಲ್ಲಲಿಲ್ಲ. 16ರ ಬೆಳಿಗ್ಗೆ ಅಮ್ಮನೇ ಮೊದಲು ನೋಡಿದ್ದು. ಅವನನ್ನು ಹಿತ್ತಲಲ್ಲಿ ಕರಿಬೇವಿನ ಬುಡದಲ್ಲಿ ಹೂತೆವು.

ಅಲ್ಲಿಂದ ಮುಂದಿನ ಕೆಲಸ ಬೇಸರದ್ದು, ಹೇಳೋಕೆ ಹೆಚ್ಚೇನಿಲ್ಲ. ದಿನಕ್ಕೆ ನೂರಕ್ಕೆ ಹತ್ತರಷ್ಟು ನೀರು ಮಾತ್ರ ಬದಲಿಸಿದೆ, ಕಾವೇರಿ ನೀರು, ಕ್ಲೋರಿನ್ ತೆಗೆದು. ದಿನಾ ಕಂಡೀಷನರ್. ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನ ನೀರಲ್ಲೇ ಹಿಂಡಿದೆ, ನಲ್ಲಿಯಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಗೋಕರ್ಣದಿಂದ ತಂದು ಶೋಕೇಸಲ್ಲಿಟ್ಟಿದ್ದ ಕಪ್ಪೆಚಿಪ್ಪುಗಳನ್ನು ಒಡೆದು ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿಗೆ ಹಾಕಿದೆ. ಪಿಎಚ್ ಕುಸಿಯೋಕೆ ಬಂದರೆ ಚಿಪ್ಪು ಕರಗಿ ತಡೆಯುತ್ತದೆ. ಮಳೆನೀರಿನ ಡ್ರಮ್ ಈಗ ಗಿಡಗಳಿಗೆ.

ಮತ್ತೆ ಊಟ ಪೂರ್ತಿ ಬಂದ್.

ಇದು ಅಮ್ಮನಿಗೆ ಹಿಡಿಸಲಿಲ್ಲ. ‘ಮೊದಲೇ ತಿಂತಾ ಇಲ್ಲ, ಈಗ ಹಾಕೋದೂ ಬೇಡ ಅಂತೀಯ. ಮರಿಗಳು ಕಣೋ, ಉಪವಾಸ ಕೆಡವ್ತೀಯಾ?’ ನಾಲ್ಕಿಂಚಿನ ಆಸ್ಕರ್ ಒಂದು ವಾರ ತಿನ್ನದಿದ್ದರೆ ಏನೂ ಆಗೋದಿಲ್ಲ ಅಂದೆ. ನಂಬಲಿಲ್ಲ. ಹೊಟ್ಟೆಗೆ ಹೋಗದಿದ್ದರೆ ಅಮೋನಿಯಾ ಕಡಿಮೆ ಹುಟ್ಟುತ್ತದೆ ಅಂದೆ. ಅದೂ ಕಿವಿಗೆ ಹೋಗಲಿಲ್ಲ. ಕೊನೆಗೆ, ‘ನೀನು ಏಕಾದಶಿ ಮಾಡಲ್ವಾ? ಇವಕ್ಕೂ ಅದೇ’ ಅಂದೆ. ‘ಏಕಾದಶಿ ಒಂದು ದಿನ ಕಣೋ, ದ್ವಾದಶಿಗೆ ಪಾರಣೆ ಇರತ್ತೆ’ ಅಂದರು. ಆದರೆ ಡಬ್ಬಿ ಮುಟ್ಟಲಿಲ್ಲ.

ಡಿಸೆಂಬರ್ 20. ಅಮೋನಿಯಾ 0.25, ಪಿಎಚ್ 7.2. ಐದೇ ಪೆಲೆಟ್ ಹಾಕಿದೆ. ಗುಂಡ ಕದಲಲಿಲ್ಲ. ಹೆಸರಿಲ್ಲದ ಇಬ್ಬರೂ ಕದಲಲಿಲ್ಲ. ಪುಟ್ಟ ಮೂಲೆಯಿಂದ ಮೆಲ್ಲಗೆ ಬಂದ. ಒಂದು ಸಲ ಗುಂಡನ ಕಡೆ ತಿರುಗಿದ. ಗುದ್ದು ಬರಲಿಲ್ಲ. ಪೆಲೆಟ್ಟನ್ನು ಎಳೆದುಕೊಂಡ, ಒಂದೇ ಸಲ ಅರೆದ, ನುಂಗಿದ. ಇನ್ನೊಂದು. ಐದನ್ನೂ ಅವನೇ ತಿಂದ. ಉಗಿಯಲೇ ಇಲ್ಲ. ಸಣ್ಣ ಹೊಟ್ಟೆಯವನಂತೆ!

ಮೂರು ದಿನ ಟ್ಯಾಂಕ್ ಅವನದೇ ಆಗಿತ್ತು. 23ರಂದು ಗುಂಡ ಒಂದು ಪೆಲೆಟ್ ಬಾಯಿಗೆ ಹಾಕಿ, ಉಗಿದು, ಅದರ ಸುತ್ತ ಒಂದು ಸುತ್ತು ಬಂದು, ಮತ್ತೆ ಹಾಕಿಕೊಂಡ. ನುಂಗಿದ. ಮರುಕ್ಷಣ ಪುಟ್ಟನಿಗೆ ಒಂದು ಗುದ್ದು ಕೊಟ್ಟ. ಆಗ ನನಗೆ ಖಾತ್ರಿಯಾಯಿತು, ಇವನು ಹುಷಾರಾದ.

ಆಮೇಲೆ ಎಷ್ಟು ಹಾಕಬೇಕು ಅನ್ನೋ ಪ್ರಶ್ನೆ. ಮರಿಗಳಿಗೆ ದೊಡ್ಡ ಮೀನಿಗಿಂತ ತೂಕದ ಲೆಕ್ಕದಲ್ಲಿ ಜಾಸ್ತಿ ಬೇಕು, ಬೆಳೆಯಬೇಕಲ್ಲ. ಈ ಅಳತೆಯವಕ್ಕೆ ದಿನಕ್ಕೆ ಮೈತೂಕದ ನೂರಕ್ಕೆ ಮೂರರಷ್ಟು ಅಂತ ಇಟ್ಟುಕೊಂಡೆ. ಮೈತೂಕ ಎಷ್ಟು? ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಡಬ್ಬ ಇಟ್ಟು ಸೊನ್ನೆ ಮಾಡಿ, ಬಲೆಯಿಂದ ಒಂದೊಂದೇ ಮೀನನ್ನು ಬಿಟ್ಟೆ. ಗುಂಡ 38 ಗ್ರಾಂ. ಮತ್ತಿಬ್ಬರು 28, 26. ಪುಟ್ಟ 17. ಒಟ್ಟು 109. ಅಂದರೆ ದಿನಕ್ಕೆ 3 ಗ್ರಾಂ ಚಿಲ್ಲರೆ. ಕೆಂಚನೂ ಸೇರಿ ಐವರಿದ್ದಾಗ ನಾಲ್ಕು ಗ್ರಾಂ ಸಾಕಾಗುತ್ತಿತ್ತು, ನಾವು ಹಾಕಿದ್ದು ಒಂಬತ್ತು. ತಕ್ಕಡಿ ಈಗ ಅಡುಗೆಮನೆಯಲ್ಲಿಲ್ಲ. ಅಮ್ಮ ತಮಗೆ ಹೊಸದು ತರಿಸಿಕೊಂಡರು.

ಮೂವರು ಹಾಕೋದನ್ನು ನಿಲ್ಲಿಸೋದು ಹೇಗೆ? ಬೈದರೆ ಆಗೋದಿಲ್ಲ, ಮೀನು ಬೇಡಿದರೆ ಯಾರ ಕೈಯೂ ಸುಮ್ಮನಿರೋದಿಲ್ಲ. ಅಪ್ಪನ ಹಳೇ ಬಿಪಿ ಮಾತ್ರೆ ಡಬ್ಬಿ ಒಂದಿತ್ತು. ವಾರದ ಏಳು ದಿನಕ್ಕೆ ಏಳು ಖಾನೆ, ಒಂದೊಂದರಲ್ಲೂ ಬೆಳಿಗ್ಗೆ, ರಾತ್ರಿ ಅಂತ ಎರಡು. ಭಾನುವಾರ ರಾತ್ರಿ ಕೂತು ಒಂದೊಂದು ಖಾನೆಗೂ ಒಂದೂವರೆ ಗ್ರಾಂ ತೂಗಿ ತುಂಬಿಸಿದೆ. ಯಾರು ಬೇಕಾದರೂ ಹಾಕಬಹುದು, ಖಾನೆ ಖಾಲಿ ಇದ್ದರೆ ಆ ಹೊತ್ತಿನ ಊಟ ಆಗಿದೆ ಅಂತ ಅರ್ಥ. ಶನಿವಾರದ ಖಾನೆ ಖಾಲಿ. ಅದು ಉಪವಾಸ. ದೊಡ್ಡ ಡಬ್ಬಿ ನನ್ನ ಬೀರುವಿನಲ್ಲಿ, ಬೀಗ ಹಾಕಿ. ಅಕ್ಕನ ಮಗನಿಗೆ ಸಂಜೆಯ ಬದಲು ರಾತ್ರಿಯ ಖಾನೆ ಕೊಟ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದ.

ಏನು ಹಾಕೋದು ಅನ್ನೋದರಲ್ಲೂ ಸ್ವಲ್ಪ ಬದಲಾಯಿತು. ನಾಲ್ಕು ದಿನ ಪೆಲೆಟ್. ಒಂದು ದಿನ ಹಿತ್ತಲ ಗೊಬ್ಬರದ ಗುಂಡಿಯ ಎರೆಹುಳ, ತೊಳೆದು, ಕತ್ತರಿಸಿ. ಒಂದು ದಿನ ನೆನೆಸಿದ ಒಣಸಿಗಡಿ, ಇದನ್ನೂ ಬಾಲ್ಕನಿಯಲ್ಲೇ ಇಡಬೇಕು. ವಾರಕ್ಕೊಮ್ಮೆ ಪೆಲೆಟ್ ಜೊತೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಅಮ್ಮನ ಸಮಾಧಾನಕ್ಕೆ ಅರ್ಧ, ಮೀನಿನ ಕರುಳಿಗೆ ಅರ್ಧ. ಪರಿಚಯದವರೊಬ್ಬರು ಸಣ್ಣ ಗೋಲ್ಡ್‌ಫಿಷ್ ಹಾಕು, ಬೇಗ ಬೆಳೀತವೆ ಅಂದರು. ಹಾಕಲಿಲ್ಲ. ಗೋಲ್ಡ್‌ಫಿಷ್ ಮೈಯಲ್ಲಿರೋ ಥಯಮಿನೇಸ್ ಅನ್ನೋ ಕಿಣ್ವ ಅದನ್ನು ತಿಂದ ಮೀನಿನ ಬಿ1 ಜೀವಸತ್ವ ಹಾಳುಮಾಡುತ್ತದೆ, ಜೊತೆಗೆ ಅಂಗಡಿಯ ರೋಗವೂ ಬರುತ್ತದೆ. ಚಿಕನ್ ತುಂಡು ಹಾಕುವವರೂ ಇದ್ದಾರೆ. ಕೋಳಿ ಕೊಬ್ಬು ಮೀನಿಗೆ ಜೀರ್ಣ ಆಗೋದು ಕಷ್ಟ. ನಮ್ಮ ಮನೆಯಲ್ಲಂತೂ ಆ ಮಾತೇ ಬರುವಂತಿಲ್ಲ.

ಒಂದು ಎಚ್ಚರಿಕೆ: ಇದು ಆಸ್ಕರ್ ಮರಿಯ ಊಟ. ಎಲ್ಲ ಸಿಕ್ಲಿಡ್‌ಗೂ ಇದೇ ಅಲ್ಲ. ಮಲಾವಿ ಸರೋವರದ ಎಂಬೂನಾ ಜಾತಿಯವು ಬಂಡೆಯ ಪಾಚಿ ಕೆರೆದು ತಿನ್ನುವವು, ಕರುಳು ಉದ್ದ. ಅವಕ್ಕೆ ಹುಳ, ಸಿಗಡಿ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬಿ ಸಾಯಬಹುದು ಅಂತಾರೆ. ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ತಿನ್ನೋದು ಅಪ್ಪ ಅಮ್ಮನ ಮೈಯ ಲೋಳೆ. ಅವನ್ನು ಬೇಗ ಬೇರೆ ಮಾಡಿದರೆ ಬದುಕಿಸೋದು ಬಲು ಕಷ್ಟ. ಒಂದೇ ಕುಟುಂಬ ಅಂತ ಒಂದೇ ತಟ್ಟೆ ಹಾಕೋಕಾಗೋದಿಲ್ಲ.

ಪುಟ್ಟನಿಗಾಗಿ ಮಾಡಿದ ಉಪಾಯ ಇನ್ನೂ ಸರಳ. ಟ್ಯಾಂಕಿನ ಎರಡೂ ತುದಿಯಲ್ಲಿ ಒಂದೇ ಸಲ ಹಾಕೋದು. ಬಲಗಡೆ ಮುಕ್ಕಾಲು, ಎಡಗಡೆ ಕಾಲು. ಗುಂಡ ಎಲ್ಲಿ ಜಾಸ್ತಿ ಬೀಳುತ್ತೋ ಅಲ್ಲಿಗೆ ಹೋಗುತ್ತಾನೆ. ಪುಟ್ಟ ಎರಡೇ ವಾರದಲ್ಲಿ ಎಡಗಡೆಯನ್ನು ಕಲಿತುಕೊಂಡ. ಈಗ ಡಬ್ಬಿ ಸದ್ದಾಗುವ ಮೊದಲೇ ಅಲ್ಲಿ ಹೋಗಿ ಮೇಲ್ಮುಖವಾಗಿ ನಿಂತಿರುತ್ತಾನೆ. ಹೊಟ್ಟೆ ಮೇಲಿನಿಂದ ನೋಡಿದರೆ ತಿಳಿಯುತ್ತದೆ, ತಲೆಯ ಅಗಲಕ್ಕಿಂತ ಸ್ವಲ್ಪವೇ ಉಬ್ಬಿದರೆ ಸಾಕು. ಪಕ್ಕದಿಂದ ನೋಡಿದರೆ ಎಲ್ಲ ಆಸ್ಕರೂ ಹಸಿದವರ ಹಾಗೇ ಕಾಣುತ್ತವೆ.

ಫೆಬ್ರವರಿ ಕೊನೆಯಲ್ಲಿ ಮತ್ತೆ ತೂಗಿದೆ. ಗುಂಡ 71, ಪುಟ್ಟ 46. ದಿನದ ಅಳತೆಯನ್ನು ತೂಕ ನೋಡಿ ಏರಿಸುತ್ತಾ ಬಂದೆ, ಆದರೆ ಶೇಕಡಾ ಲೆಕ್ಕವನ್ನು ಮೂರರಿಂದ ಎರಡೂವರೆಗೆ ಇಳಿಸಿದ್ದೇನೆ. ವಾರಕ್ಕೆ ನೂರಕ್ಕೆ ನಲವತ್ತರಷ್ಟು ನೀರು ಬದಲಿಸಿದರೂ ನೈಟ್ರೇಟ್ 40ರ ಕೆಳಗೆ ನಿಲ್ಲೋದು ಕಷ್ಟವಾಗುತ್ತಿದೆ. ನಾಲ್ಕು ಮೀನಿಗೂ ಈ ಟ್ಯಾಂಕ್ ಇನ್ನು ಹೆಚ್ಚು ದಿನ ಆಗೋದಿಲ್ಲ. ಆರಡಿ ಟ್ಯಾಂಕ್ ಇರೋ ಗೆಳೆಯನೊಬ್ಬ ಇಬ್ಬರನ್ನು ತಗೊಳ್ತೀನಿ ಅಂದಿದ್ದಾನೆ. ಯಾರನ್ನು ಕೊಡೋದು ಅಂತ ಮನೆಯಲ್ಲಿ ಮಾತುಕತೆ ನಡೀತಿದೆ. ಗುಂಡನನ್ನು ಕೊಟ್ಟರೆ ಪುಟ್ಟನಿಗೆ ಒಳ್ಳೇದು ಅಂತ ನಾನು. ಬೆಳಿಗ್ಗೆ ಹಾಲು ಕಾಯಿಸುವಾಗ ಮಾತಾಡೋಕೆ ಗುಂಡನೇ ಬೇಕು ಅಂತ ಅಮ್ಮ.